ಯೇಸುವಿನ ತಮ್ಮಂದಿರೂ ನಿಮ್ಮ ತಾಯಿಯವರೂ

ವಾದಕ್ಕೆ ಕರೆದಾಗಲೆಲ್ಲ ಒದಗಿದ ಗೆಳೆಯರಾದ ಯೋಹಾನರೇ,

ನಿಮ್ಮನ್ನು ಗಜೇಂದ್ರಗಡದ ಮಣ್ಣಿಗೆ ಒಪ್ಪಿಸಿದ ದಿನ ನಡೆದುದನ್ನು ನಿಮಗಲ್ಲದೆ ಬೇರಾರಿಗೆ ಬರೆಯಲಿ? ಅಂದಿನ ಆಘಾತದಿಂದ ನಾನಿನ್ನೂ ಹೊರಬಂದಿಲ್ಲ.

ನರಗುಂದದಲ್ಲಿ ಬಸ್ಸಿಗೆ ಕಾಯುತ್ತ ನಾವು ಮೊದಲ ಸಲ ವಾದಕ್ಕಿಳಿದದ್ದು ನೆನಪಿದೆಯೆ? ಸುವಾರ್ತೆಯಲ್ಲಿ ಯೇಸುವಿನ ಸಹೋದರರಾದ ಯಾಕೋಬ, ಯೋಸೆ, ಯೂದ, ಸೀಮೋನರ ಹೆಸರುಗಳೇ ಇವೆ. ಸಹೋದರಿಯರ ಪ್ರಸ್ತಾಪವೂ ಇದೆ. ಪೌಲನೂ ಯಾಕೋಬನನ್ನು ಕರ್ತನ ಸಹೋದರನೆಂದೇ ಕರೆದಿದ್ದಾನೆ. ಅವರೆಲ್ಲ ಮರಿಯಳ ಹೊಟ್ಟೆಯಲ್ಲಿ ಹುಟ್ಟಿದವರೇ ಎಂದೆ. ಮರಿಯಳು ಕೊನೆಯವರೆಗೂ ಕನ್ಯೆ ಎಂದು ನಂಬುವ ಕಥೋಲಿಕರಾದ ನೀವು ಒಪ್ಪಲಿಲ್ಲ. "ಮಾಸ್ತರ್ರ, ಅಬ್ಬಿಗೇರ್ಯಾಗಿನ ನಿಮ್ಮ ಕಾಕಾನ ಮಗನ್ನ ಹ್ಯಾಂಗ ಕರೀತೀರಿ? ತಮ್ಮಾ ಅಂತೀರೋ, ಏ ಕಾಕಾನ ಮಗನ ಬಾರೋ ಅಂತೀರೋ?" ಎಂದಿರಿ. ಸುತ್ತಲಿದ್ದವರೂ ನಕ್ಕರು.

ಇನ್ನೊಮ್ಮೆ ನಿಮ್ಮ ಪಡಸಾಲೆಯಲ್ಲಿ, ಒಡಹುಟ್ಟಿದವರಿದ್ದರೆ ಯೇಸು ಶಿಲುಬೆಯ ಮೇಲಿಂದ ತಾಯಿಯನ್ನು ಶಿಷ್ಯನೊಬ್ಬನಿಗೆ ಏಕೆ ಒಪ್ಪಿಸಿದ ಎಂದು ಕೇಳಿದಿರಿ. ಅಷ್ಟರಲ್ಲಿ ನಿಮ್ಮ ತಾಯಿಯವರು ಒಳಗಿನಿಂದ ಗದರಿದರು: "ಯಾರು ಯಾರ ಮಕ್ಕಳಂತ ಆಕೀಗೆ ಗೊತ್ತಿರ್ತೈತಿ. ನಿಮ್ಮನ್ನ ಯಾರ ಕೇಳ್ಯಾರ?"

ಸಾವಿನ ಮನೆಯಲ್ಲಿ ಒಲೆ ಹೊತ್ತಿಸದ ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಹೊರಗಿನವರು ರೊಟ್ಟಿ ತಂದು ಬಡಿಸಬೇಕು. ಅಣ್ಣತಮ್ಮಂದಿರು ತರುವಂತಿಲ್ಲ, ಅದು ಅವರದೂ ಸಾವು. ನಾನು ನಿಯಮ ತಪ್ಪುವವನೆ? ರೋಣದಿಂದ ರೊಟ್ಟಿಯ ಗಂಟು ಹೊತ್ತು ಬಂದೆ. ನಿಮ್ಮ ತಮ್ಮ ದಾನಿಯೇಲನು ಬಾಗಿಲಲ್ಲೇ, "ಮುಂಜಾಲಿಂದ ನೀರೂ ಮುಟ್ಟಿಲ್ರಿ ಅವ್ವ. ನೀವರ ಹೇಳ್ರಿ" ಎಂದ. ತೊಂಬತ್ತು ದಾಟಿದ ಜೀವ, ಅದೂ ಸಕ್ಕರೆ ರೋಗ.

ಅವರ ಮುಂದೆ ಗಂಟು ಬಿಚ್ಚಿದೆ.

"ರೊಟ್ಟಿ ಹೊತ್ಕೊಂಡ ಬಂದೀ? ಇಷ್ಟ ವರ್ಷ ನನ್ನ ಕೈಯಾಗ ಉಂಡು, ಇವತ್ತ ಹೊರಗಿನಾಂವ ಆದಿ ಏನ?"

"ಅವ್ವಾ, ಪದ್ಧತಿ ಐತೆಲ್ಲ..."

"ನಿನ್ನ ಪದ್ಧತಿ ಒಯ್ದು ಹಳ್ಳಕ್ಕ ಹಾಕು!"

ಅವರು ಗೋಡೆಯತ್ತ ಮುಖ ತಿರುಗಿಸಿದರು. ಸಿಡಿಲು ಬಡಿದವನಂತೆ ನಿಂತೆ. ಜೀವಮಾನವಿಡೀ ಸರಿಯಾದುದನ್ನೇ ಮಾಡುತ್ತ ಬಂದವನು, ಯೋಹಾನರೇ, ಸರಿಯಾದುದನ್ನೇ ಮಾಡಿ ಒಬ್ಬ ತಾಯಿಯ ಎದೆಗೆ...

ನೆರೆಮನೆಯ ಇಮಾಂಬಿಯವರೂ ರೊಟ್ಟಿ ತಂದಿದ್ದರು. ನಾನು ಗಂಟನ್ನು ಮತ್ತೆ ಕಟ್ಟುತ್ತಿದ್ದುದನ್ನು ಕಂಡು, "ಇತ್ಲಾಗ ಕೊಡ್ರಿ ಮಾಸ್ತರ್ರ, ನನ್ನ ಬುಟ್ಟ್ಯಾಗ ಕೂಡ್ಲಿ. ನೀವು ಲಗೂನ ಕುಂದರ್ರಿ" ಎಂದರು. ನಿಮ್ಮ ತಮ್ಮಂದಿರ ಸಾಲಿನಲ್ಲಿ ಕುಳಿತೆ. ಇಮಾಂಬಿ ಬಡಿಸಿದರು. ತುತ್ತು ಮುರಿದೆ. ಆಗ ನಿಮ್ಮ ತಾಯಿಯವರು ಮೆಲ್ಲಗೆ ಇತ್ತ ತಿರುಗಿ, ನೀರು ಕೇಳಿದರು. ಅರ್ಧ ರೊಟ್ಟಿ ತಿಂದರು.

ಯಾಕೋಬ ಮೊದಲಾದವರ ವಿಷಯದಲ್ಲಿ ನನ್ನ ನಿಲುವು ಸಡಿಲವಾಗಿಲ್ಲ, ಅವರು ಒಡಹುಟ್ಟಿದವರೇ. ಆದರೆ ಸಂಜೆ ಮುಶಿಗೇರಿಯಿಂದ ಬಂದ ಹಿರಿಯರೊಬ್ಬರು ನನ್ನನ್ನು ಕೇಳಿದರು: "ನೀವು ಸತ್ತವರಿಗೆ ಏನಾಗಬೇಕ್ರಿ?"

"ತಮ್ಮ" ಎಂದೆ. ಯಾವ ಆಧಾರವೂ ಇಲ್ಲದೆ, ನಾನು! ನಿಮ್ಮ ತಾಯಿಯವರಿಗೆ ಅದು ಸ್ಪಷ್ಟವಾಗಿ ಕೇಳಿಸಿತು. "ಆ ಹಿರ್ಯಾಗ ಚಾಪಿ ಹಾಸಪಾ" ಎಂದರು, ಅಷ್ಟೆ. ಹಾಸಿದೆ.