ಹಗಲಿನಲ್ಲಿ ಸಿಕ್ಕದ ಆನೆಕಾಲು

ಸಂಸ್ಥಾನದ ವೈದ್ಯ ಇಲಾಖೆಯ ದೊಡ್ಡ ಸಾಹೇಬರಿಗೆ,

ಮಾನ್ಯರೇ, ತಮ್ಮ ಇಲಾಖೆಯ ದಯೆಯಿಂದ ನನ್ನ ಮಗಳು ವೀರಮ್ಮನಿಗೆ ಯಾವ ರೋಗವೂ ಇಲ್ಲ. ಆ ಕಾರಣಕ್ಕೇ ಗಂಡನ ಮನೆಯವರು ಆಕೆಯನ್ನು ತವರಿಗೆ ಅಟ್ಟಿದ್ದಾರೆ.

ಐಮಂಗಲಕ್ಕೆ ಕೊಟ್ಟ ಹುಡುಗಿ. ಬೀಗರ ಹಿತ್ತಿಲಿಗೆ ಹೊಂದಿಕೊಂಡೇ ತೆಂಗಿನ ಸಿಪ್ಪೆ ಕೊಳೆಹಾಕುವ ಗುಂಡಿಗಳಿವೆ. ಅಲ್ಲಿ ಹಗ್ಗಕ್ಕೆ ನಾರು ಸಿದ್ಧವಾಗುವ ಮೊದಲೇ ಸೊಳ್ಳೆ ಸಿದ್ಧವಾಗುತ್ತದೆ. ಹೋದ ವರ್ಷ ಆಕೆಗೆ ಚಳಿಜ್ವರ ಬಂದು ಎಡಗಾಲು ಊದಿತು. ಜ್ವರ ಇಳಿಯಿತು, ಕಾಲು ಇಳಿಯಲಿಲ್ಲ. ಕಾಲುಂಗುರ ಕತ್ತರಿಸಿ ತೆಗೆಯಬೇಕಾದಾಗ ಗಾಡಿ ಕಟ್ಟಿಸಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಯಾವ ಊರಿನದೆಂದು ಹೇಳುವುದಿಲ್ಲ, ಡಾಕ್ಟರು ಮರ್ಯಾದಸ್ಥರು. ಮಟಮಟ ಮಧ್ಯಾಹ್ನ ಬೆರಳು ಚುಚ್ಚಿ, ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹುಳುವಿಲ್ಲ, ಆದ್ದರಿಂದ ಆನೆಕಾಲು ರೋಗವಲ್ಲ ಎಂದು ಮೊಹರು ಒತ್ತಿ ಬರೆದುಕೊಟ್ಟರು.

ಈ ಹುಳುವಿನ ಮರಿಗಳು ಹಗಲೆಲ್ಲ ಒಳಗೆಲ್ಲೋ ಅಡಗಿದ್ದು ರಾತ್ರಿ ಮಾತ್ರ ಮೈಯ ರಕ್ತದಲ್ಲಿ ಓಡಾಡುತ್ತವೆಂದು ತಮ್ಮ ವಿದ್ಯೆಯವರೇ ಕಂಡುಹಿಡಿದು ಎಷ್ಟೋ ವರ್ಷವಾಯಿತೆಂದು ಆಮೇಲೆ ಪತ್ರಿಕೆಯಲ್ಲಿ ಓದಿದೆ. ಹೋಗಿ ಕೇಳಿದರೆ ಡಾಕ್ಟರೂ ಒಪ್ಪಿದರು. "ನಿಜ ಪಂಚಾಕ್ಷರಪ್ಪನವರೇ, ಆದರೆ ಸಂಜೆ ಆಸ್ಪತ್ರೆಗೆ ಬೀಗ ಹಾಕುತ್ತೇವಲ್ಲ!" ಸರ್ಕಾರದ ವೇಳೆಗೆ ಹಾಜರಾಗದ್ದು ಹುಳುವಿನದೇ ತಪ್ಪು, ಬಿಡಿ. ಅದಕ್ಕೆ ನೋಟೀಸು ಜಾರಿ ಮಾಡಿಸುತ್ತೀರೋ?

ಬೀಗಿತಿ ಕೊಟ್ರಮ್ಮನವರು ಆ ಕಾಗದ ಓದಿಸಿ ಕೇಳಿದರು. "ರೋಗ ಅಲ್ಲ ಅಂತ ಸರ್ಕಾರದೋರೇ ಬರ್ದಾರೆ. ಹಂಗಾರೆ ಇದು ಪಾಪದ ಫಲ ಐತೆ. ಯಾವ ಜಂಗಮಯ್ಯನ್ನ ಒದ್ದಿದ್ಳೋ ಈ ಕಾಲಾಗೆ! ಕರ್ಕಂಡೋಗ್ರಿ" ಎಂದರು. ಗಾಡಿಯಲ್ಲಿ ಮಗಳು ಕಾಲನ್ನು ಸೆರಗಿನಿಂದ ಮುಚ್ಚಿಕೊಂಡು, "ಅಪ್ಪಾ, ನಾನು ಯಾರ್ನೂ ಒದ್ದಿಲ್ಲ ಕಣಪ್ಪ" ಎಂದಳು.

ಈ ರೋಗಕ್ಕೆ ಮದ್ದಿಲ್ಲವೆಂದು ಬಲ್ಲೆ. ಕಾಲನ್ನು ದಿನವೂ ತೊಳೆದು, ಬೆರಳ ಸಂದಿಯಲ್ಲಿ ಪಸೆ ಉಳಿಯದಂತೆ ಒರಸಿ, ಪಟ್ಟಿ ಸುತ್ತಿ, ದಿಂಬಿನ ಮೇಲಿಟ್ಟು ಮಲಗಿಸುತ್ತಿದ್ದೇವೆ. ತಾವು ಮಾಡಬೇಕಾದ್ದು ಇಷ್ಟೇ: ಆ ಗುಂಡಿಗಳನ್ನು ಮನೆಗಳಿಂದ ದೂರ ಸಾಗಿಸಲು ಹುಕುಂ ಕೊಡಿ, ಹಿರಿಯೂರು ಸೀಮೆಯಲ್ಲಿ ಊದಿದ ಕಾಲಿನವರ ರಕ್ತವನ್ನು ರಾತ್ರಿ ನೋಡಿಸಿ. ಸರ್ಕಾರದ ಮೊಹರನ್ನು ಒಮ್ಮೆ ನಂಬಿದ ಬೀಗರು ಇನ್ನೊಮ್ಮೆಯೂ ನಂಬುತ್ತಾರೆ. ಬೇರೆ ತಂದೆಯರು ಮಗಳು ಆರೋಗ್ಯವಾಗಿದ್ದಾಳೆಂಬ ಮಾತಿಗೆ ಕಾಯುತ್ತಾರೆ. ನಾನು ಮಗಳಿಗೆ ರೋಗವಿದೆಯೆಂದು ಬರೆದುಕೊಡಿರೆಂದು ಕೈಮುಗಿದು ಬೇಡುತ್ತಿದ್ದೇನೆ. ರೋಗಿಯನ್ನಾದರೆ ಮನೆಯೊಳಗೆ ಕರೆದುಕೊಂಡಾರು, ಪಾಪಿಯನ್ನು ಕರೆದುಕೊಳ್ಳುವುದಿಲ್ಲ.

ಇಂತಿ,
ತಮ್ಮ ಲೆಕ್ಕದಲ್ಲಿ ಯಾವ ಚಿಂತೆಯೂ ಇರಬಾರದ,
ಆದಿವಾಲದ ಪಂಚಾಕ್ಷರಪ್ಪ