ಬಿಸಿಲುಮನೆಗೆ ಎರಡು ಲಂಗ

ಏಪ್ರಿಲ್ 13, ಭಾನುವಾರ

ಒಂಬತ್ತನೆಯ ಲಂಗದ ನೆರಿಗೆ ಮುಗಿಯಿತು. ಇನ್ನೂ ಹದಿನೈದು ಬಾಕಿ. ಜೂನ್ ಮೆರವಣಿಗೆಗೆ ನಮ್ಮ ನೃತ್ಯ ಸಂಘದ ಹೆಂಗಸರೆಲ್ಲ ನವಿಲುಗರಿ ಬಣ್ಣ ಉಡಬೇಕಂತೆ. ಕಣ್ಣು ಮುಚ್ಚಿದರೂ ಅದೇ ಬಣ್ಣ ಕಾಣುತ್ತಿದೆ.

ಹಿತ್ತಿಲಲ್ಲಿ ಸೆವೆರೊ ಮಣ್ಣು ತುಳಿಯುತ್ತಿದ್ದಾನೆ. ವಾರವಿಡೀ ಮಿನಿಬಸ್ ಓಡಿಸುವ ಗಂಡನಿಗೆ ಭಾನುವಾರ ಮಣ್ಣು-ಹುಲ್ಲು ತುಳಿಯುವ ಶಿಕ್ಷೆ. ಗೊಣಗುತ್ತಾನೆ, ಆದರೆ ತುಳಿಯುತ್ತಾನೆ. ಮಳೆ ನಿಂತಿದೆ, ಇಟ್ಟಿಗೆ ಒಣಗಲು ಒಳ್ಳೆಯ ಬಿಸಿಲು. ಹನ್ನೊಂದು ಹಸಿ ಇಟ್ಟಿಗೆಗಳ ಮೇಲೆ ನಾಯಿ ಬೋಬಿಯ ಹೆಜ್ಜೆ ಮೂಡಿದೆ. ಇರಲಿ, ಗೋಡೆಗೆ ಅದೂ ಒಂದು ಅಲಂಕಾರ.

ಕಿಟಕಿಯ ಮೇಲೆ ಹಾಲಿನ ಡಬ್ಬಗಳಲ್ಲಿ ಟೊಮ್ಯಾಟೊ ಸಸಿ ಹನ್ನೆರಡು. ಕಿರುಬೆರಳಷ್ಟು ಎತ್ತರ. ಬೆಟ್ಟದ ನೆತ್ತಿಯ ಊರು ಎಲ್ ಆಲ್ಟೊದ ಈ ಚಳಿಯಲ್ಲಿ ಟೊಮ್ಯಾಟೊ ಬೆಳೆಯಲು ಹೊರಟ ಹುಚ್ಚಿ ನಾನೇ ಇರಬೇಕು. ಕಾರಣ ತೋಮಾಸಾ.

ಹೋದ ವರ್ಷ ರಸ್ತೆ ಬಂದ್ ಆಗಿ ಕಣಿವೆಯಿಂದ ಟೊಮ್ಯಾಟೊ ಬರಲೇ ಇಲ್ಲವಲ್ಲ, ಆಗ ರಿಹರ್ಸಲ್‌ನಲ್ಲಿ ಅಂದಿದ್ದೆ — ಹಿತ್ತಿಲಲ್ಲಿ ಪ್ಲಾಸ್ಟಿಕ್ ಮಾಡಿನ ಬಿಸಿಲುಮನೆ ಕಟ್ಟಿ ನಾನೇ ಬೆಳೆಯುತ್ತೇನೆ ಅಂತ. ತೋಮಾಸಾ ಎಲ್ಲರೆದುರು ನಕ್ಕಳು. "ನಿನ್ನ ಹಿತ್ತಿಲಲ್ಲಿ ಟೊಮ್ಯಾಟೊ ಹಣ್ಣಾದ ದಿನ ಮುಂದಿನ ಸಾಲು ನಿಂಗೇ ಬಿಟ್ಕೊಡ್ತೀನಿ, ಹೋಗು."

ಮುಂದಿನ ಸಾಲು ನನ್ನದೇ ಆಗಿತ್ತು. ಕಾಲು ಉಳುಕಿ ಒಂದು ತಿಂಗಳು ಮನೆಯಲ್ಲಿ ಕೂತಾಗ ಅವಳು ಆ ಜಾಗದಲ್ಲಿ ನಿಂತಳು. ಕಾಲು ವಾಸಿಯಾಯಿತು, ಅವಳು ಕದಲಲಿಲ್ಲ. ನಾನು ಮೂರನೇ ಸಾಲು. ಅವಳು ಹಾಗೆ ನಕ್ಕ ದಿನದಿಂದ ಮಾತಿಲ್ಲ. ಇಪ್ಪತ್ತೆರಡು ವರ್ಷದ ಗೆಳತಿ, ನನ್ನ ಮಗಳಿಗೆ ಮದ್ರೀನಾ ಆಗಿ, ಧರ್ಮತಾಯಿಯಾಗಿ ನಿಂತವಳು... ಬರೆಯುತ್ತಿದ್ದರೆ ಮತ್ತೆ ಸಿಟ್ಟು ಬರುತ್ತದೆ. ನೆರಿಗೆ ಹಿಡಿಯುವುದೇ ವಾಸಿ.

ಮೇ 4

ಗೋಡೆ ಎದೆಮಟ್ಟಕ್ಕೆ ಬಂದಿದೆ. ಮಣ್ಣು ನಮ್ಮದೇ, ಬೆವರು ಸೆವೆರೊನದು. ಮಿಕ್ಕಿದ್ದಕ್ಕೆಲ್ಲ ಖರ್ಚು ಹೊರುವ ಪದ್ರೀನೊ-ಮದ್ರೀನಾಗಳನ್ನು ಹಿಡಿಯುತ್ತಿದ್ದೇನೆ. ಮದುವೆ ಎಂದರೆ ಕೇಕಿಗೊಬ್ಬ ಪದ್ರೀನೊ, ಬ್ಯಾಂಡಿಗೊಬ್ಬ, ಬಿಯರಿಗೊಬ್ಬ. ಬಿಸಿಲುಮನೆಗೆ ಯಾಕಿರಬಾರದು? ಒಂದು ಬುಟ್ಟಿ ಬ್ರೆಡ್ಡು, ಎರಡು ಬಾಟಲಿ ಬಿಯರ್ ಹಿಡಿದು ಮನೆಗೆ ಹೋಗಿ ಕೇಳಿದರಾಯಿತು. ಕೇಳಿದ ಮೇಲೆ ಇಲ್ಲ ಅನ್ನುವಂತಿಲ್ಲ. ಮಾಡಿನ ನೀಲಗಿರಿ ಗಳಗಳಿಗೆ ಪಕ್ಕದ ಮನೆಯ ಬಡಗಿ. ಬಾಗಿಲಿಗೆ ಸೆವೆರೊನ ಮೆಕ್ಯಾನಿಕ್ — ಗುಜರಿಗೆ ಹೊರಟಿದ್ದ ಮಿನಿಬಸ್ಸಿನ ಜಾರುಬಾಗಿಲು ತಂದು ಇಳಿಸಿದ. "ಇಳಿಯುವವರು ಮುಂಚೆಯೇ ಹೇಳಿ" ಅನ್ನುವ ಸ್ಟಿಕ್ಕರ್ ಇನ್ನೂ ಇದೆ. ಕೀಳುವುದಿಲ್ಲ.

ಮಾಡಿಗೆ ಹೊದಿಸುವ ಪ್ಲಾಸ್ಟಿಕ್ಕೇ ದುಬಾರಿ. ಬಿಸಿಲಿಗೆ ಹುಡಿಯಾಗದ, ದಪ್ಪನೆಯ ಹಳದಿ ಹಾಳೆ ಬೇಕು. ಇವತ್ತು ಪೊನ್ಸಿಯಾನೊ ಅಣ್ಣನ ಮನೆಗೆ ಹೋದೆ. ಬ್ರೆಡ್ಡು ಮುರಿದು ತಿಂದ, ಬಿಯರ್ ತೆರೆದ, ನೆಲತಾಯಿಗೆ ನಾಲ್ಕು ಹನಿ ಚೆಲ್ಲಿ ಒಪ್ಪಿಕೊಂಡ. ಇಡೀ ಮನೆಗೆ ಮುಖ್ಯವಾದದ್ದೇ ಪ್ಲಾಸ್ಟಿಕ್ ಅಲ್ಲವೇ ಅಂತ ಮೂರು ಸಲ ಕೇಳಿದ. ಹೌದೆಂದು ಮೂರು ಸಲ ಹೇಳಿದೆ. ಅಣ್ಣನ ಮೂಗಿನ ತುದಿಯಲ್ಲೇ ಕೋಪ. ಒಂದು ನಾಮಕರಣದಲ್ಲಿ ತನ್ನನ್ನು ಬರೀ ಮೇಣದಬತ್ತಿಗೆ ಪದ್ರೀನೊ ಮಾಡಿದರೆಂದು ಊಟ ಬಿಟ್ಟು ಎದ್ದು ಬಂದವನು.

ಮೇ 19

ಸೆವೆರೊನನ್ನು ಏನು ಮಾಡಲಿ!

ಮೊನ್ನೆ ಶನಿವಾರದ ಮದುವೆಯಲ್ಲಿ ನಾನಿಲ್ಲದಾಗ ಕುಡಿದು ತೋಮಾಸಾಳ ಕೈ ಹಿಡಿದು ಅತ್ತನಂತೆ. ಅತ್ತು, ನಮ್ಮ ಬಿಸಿಲುಮನೆಯ ಪ್ಲಾಸ್ಟಿಕ್ಕಿಗೆ ಮದ್ರೀನಾ ಆಗು ಎಂದು ಕೇಳಿದನಂತೆ. ಮದುವೆಮನೆಯ ಬ್ರೆಡ್ಡನ್ನೇ ಎತ್ತಿ ಕೊಟ್ಟನಂತೆ! ಅವಳು ಒಪ್ಪಿದಳಂತೆ. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದು ಇವತ್ತು ಸೂಪು ಕುಡಿಯುವಾಗ ಹೇಳಿದ.

ಅಣ್ಣನನ್ನು ಕೇಳಿಯಾಗಿದೆಯಲ್ಲ ಅಂದೆ. ಅದು ಮರೆತೇ ಹೋಯಿತು ಅಂದ. "ನೀವಿಬ್ರೂ ಮಾತಾಡದೆ ಇದ್ರೆ ನನಗೂ ಮನೇಲಿ ಕೂತ್ಕೊಳ್ಳೋಕೆ ಆಗಲ್ಲ ಬೆನಿತಾ. ಒಂದು ಪ್ಲಾಸ್ಟಿಕ್ ನೆಪಕ್ಕಾದ್ರೂ ಅವಳು ಬರ್ಲಿ ಅಂತ..."

ಮುಂದೆ ಹೇಳಲು ಬಿಡಲಿಲ್ಲ. ನಾಳೆಯಿಂದ ಎರಡು ದಿನ ಅವನ ಸೂಪಿನಲ್ಲಿ ಮಾಂಸ ಇಲ್ಲ.

ಅಣ್ಣನಿಗೆ ಬೇಡ ಎಂದರೆ ಜನ್ಮವಿಡೀ ಮುಖ ತಿರುಗಿಸುತ್ತಾನೆ. ತೋಮಾಸಾಗೆ ಬೇಡ ಎಂದರೆ — ಪ್ಲಾಸ್ಟಿಕ್ಕಿಗೂ ಲಾಯಕ್ಕಿಲ್ಲ ಎಂದಳಂತೆ ಬೆನಿತಾ ಎಂದು ಊರೆಲ್ಲ ಹೇಳುತ್ತಾರೆ. ಮತ್ತೆ ಅವಳು ಈ ಬಾಗಿಲಿಗೆ ಬರುವುದೇ ಇಲ್ಲ. ಬಾರದಿದ್ದರೆ ನನಗೇನು ಅಂತ ಬರೆಯಲು ಹೊರಟೆ. ಬರೆಯಲು ಆಗುತ್ತಿಲ್ಲ.

ಜೂನ್ 1, ಭಾನುವಾರ

ಪಕ್ಕೆ ಇನ್ನೂ ನೋಯುತ್ತಿದೆ. ನಕ್ಕು ನಕ್ಕು.

ಎರಡು ವಾರ ಏನೂ ತೋಚದೆ ಇಬ್ಬರಿಗೂ ಏನೂ ಹೇಳಲಿಲ್ಲ. ಹೇಡಿ ನಾನು. ಇವತ್ತು ಮಾಡು ಹೊದಿಸುವ ದಿನ. ಹತ್ತು ಗಂಟೆಗೆ ಅಣ್ಣ ಬಂದ, ಹೊಸ ಟೋಪಿ, ಹೆಗಲ ಮೇಲೆ ಪ್ಲಾಸ್ಟಿಕ್ ಸುರುಳಿ. ಹಿಂದೆಯೇ ತೋಮಾಸಾ, ಒಳ್ಳೆಯ ಶಾಲು ಹೊದ್ದು. ಅವಳ ಗಂಡನ ಹೆಗಲ ಮೇಲೆ ಇನ್ನೊಂದು ಸುರುಳಿ. ಅದೇ ಹಳದಿ, ಅದೇ ದಪ್ಪ. ಹಿತ್ತಿಲಲ್ಲಿ ಹನ್ನೆರಡು ಜನ, ಎಲ್ಲರ ಕಣ್ಣೂ ಎರಡು ಸುರುಳಿಗಳ ಮೇಲೆ. ಸೆವೆರೊ ನೀರಿನ ಪೀಪಾಯಿಯ ಹಿಂದೆ ಏನೋ ಹುಡುಕುವವನಂತೆ ಬಗ್ಗಿದ.

ಅಣ್ಣನ ಕಿವಿ ಕೆಂಪಾಗತೊಡಗಿತು. ತೋಮಾಸಾ ಎರಡೂ ಸುರುಳಿ ನೋಡಿದಳು, ನನ್ನನ್ನು ನೋಡಿದಳು. ಒಂದನ್ನ ವಾಪಸ್ ಒಯ್ಯಬೇಕಾದರೆ ತನ್ನದನ್ನೇ ಒಯ್ಯುತ್ತೇನೆ ಎಂದು ಮೆಲ್ಲಗೆ ಹೇಳಿದಳು. ಹದಿನೈದು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ಹೋಗಲು ತಿರುಗಿಯೂ ಬಿಟ್ಟಳು.

ಆಗ ಅವಳ ಲಂಗದ ಅಂಚು ಕಂಡಿತು. ಅದರಡಿಯಲ್ಲಿ ಒಳಲಂಗದ ಕಸೂತಿ. ಅದರಡಿ ಇನ್ನೊಂದು. ಮೂವತ್ತು ವರ್ಷದಿಂದ ಲಂಗ ಹೊಲಿಯುತ್ತಿದ್ದೇನೆ, ಇದು ಇಷ್ಟು ದಿನ ಹೊಳೆಯಲಿಲ್ಲವಲ್ಲ!

"ಅಣ್ಣ, ನಾನೀಗ ಎಷ್ಟು ಲಂಗ ಉಟ್ಟಿದೀನಿ ಹೇಳು" ಅಂದೆ.

"ಎಲ್ಲರ ಮುಂದೆ ಇದೆಂಥ ಪ್ರಶ್ನೆನೇ?"

"ಐದು. ಮೇಲೆ ಒಂದು, ಒಳಗೆ ನಾಲ್ಕು. ಒಂದೇ ಉಟ್ರೆ ಈ ಊರ ಚಳಿಗೆ ಸತ್ತೇ ಹೋಗ್ತೀನಿ. ಟೊಮ್ಯಾಟೊ ಏನು ನನಗಿಂತ ಗಟ್ಟಿನಾ? ಅದಕ್ಕೇ ಎರಡು ಪ್ಲಾಸ್ಟಿಕ್ ಬೇಕು ಅಂತ ಮೊದ್ಲೇ ಲೆಕ್ಕ ಹಾಕಿ ಇಬ್ಬರನ್ನ ಕೇಳಿದ್ದು."

ಶುದ್ಧ ಸುಳ್ಳು. ಅಣ್ಣ ನಂಬಿದ. ತೋಮಾಸಾ ನಂಬಲಿಲ್ಲ. ನಗು ತಡೆಯಲು ತುಟಿ ಕಚ್ಚಿ ಹಿಡಿದದ್ದು ನೋಡಿದೆ. ಹೊರಗಿನದು ಯಾರದು, ಒಳಗಿನದು ಯಾರದು ಎಂದು ಅಣ್ಣ ತಕ್ಷಣ ಎತ್ತಿದ. ಹೊರಗಿನದು ತಾನೇ ಕಾಣುವುದು. ಅವಳೇ ಬಿಟ್ಟುಕೊಟ್ಟಳು. "ಮೇಲಿನದು ನಿಮ್ಮದೇ ಇರ್ಲಿ ಬಿಡಿ ಅಣ್ಣ. ಮೈ ಬೆಚ್ಚಗಿಡೋದು ಒಳಲಂಗಾನೇ."

ಒಳಹಾಳೆ ಮೊದಲು, ನಡುವೆ ಗೇಣುದ್ದ ಜಾಗ ಬಿಟ್ಟು ಹೊರಹಾಳೆ. ಮೊಳೆ ಹೊಡೆದ ಕಡೆ ಹರಿಯದಿರಲೆಂದು ಹಳೆ ಟೈರಿನ ಪಟ್ಟಿ. ಮಾಡಿನ ಇಳಿಜಾರು ಬಡಗಣಕ್ಕೆ, ನಮ್ಮ ಜೂನ್ ಚಳಿಗಾಲದಲ್ಲಿ ಸೂರ್ಯ ಇರುವುದು ಆ ಕಡೆಗೇ. ಮೂಲೆಮೂಲೆಗೆ ಮದ್ಯ ಚೆಲ್ಲಿ, ನೆಲತಾಯಿಗೆ ಕೋಕಾ ಎಲೆ, ಮಿಠಾಯಿ ಹೂತೆವು. ಡಬ್ಬದ ಟೊಮ್ಯಾಟೊ ಸಸಿಗಳನ್ನು ಒಳಗೆ ನೆಟ್ಟೆವು. ಪದ್ರೀನೊಗಳ ತಲೆಗೆಲ್ಲ ಬಣ್ಣದ ಕಾಗದದ ಚೂರು ಎರಚಿದೆವು. ತೋಮಾಸಾ ಒಂದು ಲೋಟ ಕುಡಿದು ಹೊರಟಳು. ಬರ್ತೀನಿ ಅನ್ನಲಿಲ್ಲ. ಜಾರುಬಾಗಿಲು ದಾಟುವಾಗ ಆ ಸ್ಟಿಕ್ಕರ್ ಓದಿ ಒಬ್ಬಳೇ ನಕ್ಕದ್ದು ಕೇಳಿಸಿತು.

ಜೂನ್ 15

ನಿನ್ನೆ ಮೆರವಣಿಗೆ. ಒಂಬತ್ತು ಗಂಟೆ ಕುಣಿದು ಪಾದ ಊದಿದೆ. ಮೂರನೇ ಸಾಲಿನಿಂದ ಇಡೀ ದಿನ ತೋಮಾಸಾಳ ಬೆನ್ನು ನೋಡಿದೆ. ಸಂಘದ ಇಪ್ಪತ್ತನಾಲ್ಕು ಲಂಗ ನನ್ನವು, ಅವಳದು ಮಾತ್ರ ಬೇರೆ ಯಾರೋ ಹೊಲಿದದ್ದು. ಅಂಚು ಎಡಕ್ಕೆ ಒಂದು ಬೆರಳು ಮೇಲೇರಿತ್ತು. ತಿರುಗಿದಾಗಲೆಲ್ಲ ಅದೇ ಕಣ್ಣಿಗೆ ಚುಚ್ಚುತ್ತಿತ್ತು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಜೂನ್ 24, ಬೆಳಿಗ್ಗೆ ಆರು

ಸಾನ್ ಹ್ವಾನ್ ಹಬ್ಬದ ಚಳಿ. ವರ್ಷದಲ್ಲೇ ಹೆಚ್ಚು. ಹೊರಗಿನ ಬಕೆಟ್ಟಿನ ನೀರು ಕಲ್ಲು. ಬೋಬಿಯ ತಟ್ಟೆಯೂ ಕಲ್ಲು. ಬಡಗಿಯ ಹೆಂಡತಿ ವರ್ಷವಿಡೀ ಇಡಲು ಆಲೂಗಡ್ಡೆಯನ್ನು ಹಿಮದಲ್ಲಿ ಒಣಗಲು ಹರಡಿ ಹಿಗ್ಗುತ್ತಿದ್ದಾಳೆ, ನನಗೆ ಟೊಮ್ಯಾಟೊದ್ದೇ ಚಿಂತೆ.

ನಿನ್ನೆ ಬೀದಿಯಲ್ಲೆಲ್ಲ ಬೆಂಕಿ, ಬಾಣಬಿರುಸು. ಬಿಸಿಲುಮನೆ ನೋಡಿದರೆ ಮೇಲಿನ ಹಾಳೆಯಲ್ಲಿ ಅಂಗೈಯಗಲ ತೂತು! ಉರಿಯುವ ಬಾಣದ ಕಡ್ಡಿ ಬಿದ್ದು ಸುಟ್ಟಿದೆ. ಕಡ್ಡಿ ಒಳಹಾಳೆಯ ಮೇಲೆ ಕರ್ರಗೆ ಮಲಗಿತ್ತು. ಒಳಹಾಳೆ ಸುಕ್ಕಾಗಿದೆ, ಹರಿದಿಲ್ಲ.

ಬಾಗಿಲು ಜಾರಿಸಲು ಧೈರ್ಯ ಸಾಲದೆ ಸ್ವಲ್ಪ ಹೊತ್ತು ನಿಂತೆ. ಸೆವೆರೊ ಜಾರಿಸಿದ.

ಹನ್ನೆರಡೂ ಬದುಕಿವೆ. ಎಲೆ ಒಂದೂ ಕರಟಿಲ್ಲ. ಹಗಲ ಬಿಸಿಲು ಹಿಡಿದಿಡಲೆಂದು ಕರಿ ಬಣ್ಣ ಬಳಿದು ಒಳಗಿಟ್ಟ ನೀರಿನ ಪೀಪಾಯಿ ಮುಟ್ಟಿದರೆ ಹೆಪ್ಪುಗಟ್ಟಿಲ್ಲ. ಮೂರನೇ ಗಿಡದಲ್ಲಿ ಹಳದಿ ಮೊಗ್ಗು.

ಸೆವೆರೊ ಒಂದೇ ಮಾತು ಹೇಳಿದ. "ಒಳಲಂಗ ಉಳಿಸ್ತು." ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವನ ಸೂಪಿಗೆ ಇವತ್ತು ಎರಡು ತುಂಡು ಮಾಂಸ.

ಜೂನ್ 29

ತೂತಿಗೆ ಸೆವೆರೊ ಬಿಳಿ ಪಟ್ಟಿ ಅಂಟಿಸಿದ. ಅಣ್ಣ ಭಾನುವಾರ ಭಾನುವಾರ ತನ್ನ ಪ್ಲಾಸ್ಟಿಕ್ ನೋಡಲು ಬರುತ್ತಾನೆ, ಕೇಳದೆ ಬಿಡುವವನಲ್ಲ. ಪಟ್ಟಿಯ ಮೇಲೆ ಬಣ್ಣದಲ್ಲಿ "ಪದ್ರೀನೊ ಪೊನ್ಸಿಯಾನೊ" ಎಂದು ಬರೆದುಬಿಟ್ಟೆ. ಬಂದ, ನೋಡಿದ, ಎದೆಯುಬ್ಬಿಸಿದ. ಅಕ್ಷರ ಇನ್ನೂ ದೊಡ್ಡದಿರಬಹುದಿತ್ತು ಅಂದ.

ತೋಮಾಸಾಗೆ ಸುದ್ದಿ ಹೇಳಬೇಕು. ಹೋಗಲಿಲ್ಲ. ನಾಳೆ.

ಆಗಸ್ಟ್ 17

ಆ ನಾಳೆ ಬರಲೇ ಇಲ್ಲ. ಏಳು ವಾರ. ನಡುವೆ ಎರಡು ಮದುವೆಯ ಹೊಲಿಗೆ. ಇಲ್ಲಿ ದುಂಬಿ ಇಲ್ಲ, ದಿನಾ ಬೆರಳಿನಿಂದ ಹೂವು ತಟ್ಟಿ ಪರಾಗ ಉದುರಿಸುವ ಕೆಲಸವೂ ನನ್ನದೇ. ಗಾಳಿಯ ತಿಂಗಳು. ಟೈರಿನ ಪಟ್ಟಿಗಳು ಗಟ್ಟಿಯಾಗಿ ಹಿಡಿದುಕೊಂಡಿವೆ. ಕಾಯಿ ಹದಿನಾಲ್ಕು, ಎಲ್ಲ ಹಸಿರು.

ಇವತ್ತು ಸೆವೆರೊ ಮಿನಿಬಸ್ಸಿನಿಂದ ಒಂದು ಗಂಟು ಇಳಿಸಿದ. ಬೂದು ಮಿಶ್ರಿತ ಗುಲಾಬಿ ಬಟ್ಟೆ, ಒಂದು ಲಂಗಕ್ಕೆ ಬೇಕಾದಷ್ಟು. ಯಾರದು ಅಂದೆ. ರಿಯೊ ಸೆಕೊ ಸ್ಟಾಪಿನಲ್ಲಿ ಹತ್ತಿದವಳೊಬ್ಬಳು ಕೊಟ್ಟಳು, ಅಳತೆ ಹೇಳಲಿಲ್ಲ, ಬೆನಿತಾಗೆ ಗೊತ್ತು ಅಂದಳಂತೆ.

ಗೊತ್ತು. ಸೊಂಟ, ಉದ್ದ, ಎಡಗಡೆ ಒಂದಿಷ್ಟು ಹೆಚ್ಚು ಬಿಡಬೇಕು. ಅವಳ ಎಡ ಸೊಂಟ ಸ್ವಲ್ಪ ಎತ್ತರ, ಅದಕ್ಕೇ ಬೇರೆಯವರು ಹೊಲಿದರೆ ಅಂಚು ಓರೆಯಾಗುತ್ತದೆ. ಅಳತೆ ಪುಸ್ತಕ ನೋಡದೆ ಕತ್ತರಿಸಿದೆ.

ಸೆಪ್ಟೆಂಬರ್ 7

ಒಂದು ಕಾಯಿ ಬೆಳ್ಳಗಾಗಿ ಹಳದಿಗೆ ತಿರುಗಿದೆ. ಬರುವ ಭಾನುವಾರ ಸಂಘದ ಸಭೆ, ಮುಂದಿನ ವರ್ಷದ ಸಾಲು ಅಲ್ಲೇ ತೀರ್ಮಾನ. ಟೊಮ್ಯಾಟೊ ಹಿಡಿದು ಹೋಗಿ ಮೇಜಿನ ಮೇಲಿಟ್ಟರೆ ಸಾಕು. ಅವಳ ಬಾಯಿಂದ ಬಂದ ಮಾತು, ಎಲ್ಲರೂ ಕೇಳಿದ್ದಾರೆ. ಎದುರಿಗೆ ನಿಂತು ಹೇಗೆ ಹೇಳಬೇಕು ಎಂದು ನಾಲ್ಕು ಸಲ ಕನ್ನಡಿ ಮುಂದೆ ಹೇಳಿ ನೋಡಿದೆ. ಚೆನ್ನಾಗಿ ಬರುತ್ತಿದೆ.

ಸೆಪ್ಟೆಂಬರ್ 13, ಮಧ್ಯಾಹ್ನ ಮೂರು

ಹಣ್ಣಾಯಿತು. ಪೂರ್ತಿ ಕೆಂಪು. ಕೈಯಲ್ಲಿ ಹಿಡಿದರೆ ಬಿಸಿಲಿಗೆ ಬೆಚ್ಚಗಿದೆ. ಬಿಸಿಲುಮನೆಯೊಳಗೆ ಕೂತೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಮತ್ತೆ ಕನ್ನಡಿ ಮುಂದೆ ನಿಂತೆ. ಮಾತು ಬರಲಿಲ್ಲ. ಮುಂದಿನ ಸಾಲಿನಲ್ಲಿ ನಾನೊಬ್ಬಳೇ ಕುಣಿಯುವುದು ಕಣ್ಣಿಗೆ ಕಟ್ಟಿತು. ಎಲ್ಲರೂ ನನ್ನನ್ನೇ ನೋಡುತ್ತಾರೆ, ಸರಿ. ಆಮೇಲೆ ಪಾದ ಊದಿದಾಗ ಯಾರ ಹತ್ತಿರ ಬೈದುಕೊಳ್ಳಲಿ? ಮೊದಲು ಹಾಗೇ ಇತ್ತಲ್ಲ — ಕುಣಿತ ಮುಗಿಸಿ ಇಬ್ಬರೂ ಕಟ್ಟೆಯ ಮೇಲೆ ಕೂತು ಪಾದ ಒತ್ತಿಕೊಂಡು ಸಂಘವನ್ನೆಲ್ಲ ಬೈಯುವುದು. ನನಗೆ ಬೇಕಾದದ್ದು ಅದು. ಸಾಲು ಅಲ್ಲ. ಹದಿನೆಂಟು ತಿಂಗಳು ಬೇಕಾಯಿತು ಇಷ್ಟು ತಿಳಿಯಲು, ಮಂಕು ನಾನು.

ಸೆವೆರೊನ ಕೈಯಲ್ಲಿ ಲಂಗ ಕಳಿಸಿದೆ. ಜೊತೆಗೊಂದು ಚೀಟಿ — ಅಂಚು ಸರಿಯಿದೆಯಾ ನೋಡಬೇಕು, ಉಟ್ಟುಕೊಂಡೇ ಬಾ, ಹಸಿದುಕೊಂಡು ಬಾ. ನಾಳೆ ಸಭೆಯಲ್ಲಿ ಮುಂದಿನ ಸಾಲು ಇನ್ನೊಂದಾಳು ಅಗಲವಾಗಲಿ ಅಂತ ಕೇಳುತ್ತೇನೆ. ಇಪ್ಪತ್ತೈದು ಲಂಗ ಹೊಲಿಯುವವಳು ನಾನು, ಇಲ್ಲ ಅನ್ನಲಿ ನೋಡೋಣ.

ಅಣ್ಣನಿಗೆ ಎರಡನೆಯ ಹಣ್ಣು. ಅದೇ ಮೊದಲನೆಯದು ಎಂದು ಹೇಳುತ್ತೇನೆ.

ಚಾಕು ತೊಳೆದೆ. ಬ್ರೆಡ್ಡು ಇದೆ. ಬೋಬಿ ಬೊಗಳುತ್ತಿಲ್ಲ, ಬಾಲ ಬಡಿಯುತ್ತಿದೆ... ಮಿನಿಬಸ್ಸಿನ ಬಾಗಿಲ ಮೇಲೆ ಬೆರಳಲ್ಲಿ ಟಕಟಕ. "ಬೆನಿ, ಇಲ್ಲಿ ಇಳಿಯೋರಿದಾರೆ, ನಿಲ್ಸೇ." ಒಳಗೆ ಬಂದವಳ ಅಂಚು ಸರಿಯಾಗಿದೆ, ಎಡಗಡೆಯೂ. ಉಪ್ಪು ಎಲ್ಲಿಟ್ಟೆನೋ, ಈಗ ತಾನೇ ಇಲ್ಲೇ