ಉದ್ದ ಸಾಹೇಬರಿಗೆ ಗೊತ್ತಿಲ್ಲ

ರೇಡಿಯೋ ರೂಮಿನಿಂದ,
ಜೂನ್ ೧೪, ಮಂಗಳವಾರ

ನನ್ನ ಗುಂಡಮ್ಮನಿಗೆ,

ಅಪ್ಪನ ಆಶೀರ್ವಾದ. ಉತ್ತರ ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಪೆನ್ನು ಹಿಡಿದರೆ ನನ್ನ ಕೈ ಓಡುವುದಿಲ್ಲ. ನಿನ್ನಪ್ಪ ಬಾಯಿಯಿಂದ ಬದುಕಿದವನು ಕಣೇ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು, "ನೀನು ಬರ್ದಿದ್ದನ್ನ ಓದೋಕೆ ಬೇರೆ ಮೇಷ್ಟ್ರನ್ನ ಹುಡುಕ್ಬೇಕು ಕಣೋ" ಅಂದರು. ಪಾಪ, ಅವರಿಗೇಕೆ ಆ ಕಷ್ಟ ಅಂತ ನಾನೇ ಶಾಲೆ ಬಿಟ್ಟೆ.

ನಾನು ಚೆನ್ನಾಗಿದ್ದೇನೆ. ಅಡುಗೆ ಕಲಿಯುತ್ತಿದ್ದೇನೆ. ಮೊದಲ ದಿನ ಅನ್ನ ತಳ ಹಿಡಿಯಿತು, ಮಾರನೇ ದಿನ ಪಾತ್ರೆಯೇ ತಳ ಬಿಟ್ಟಿತು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ, "ಏನಣ್ಣ, ಬೆಂಕಿ ಬಿದ್ದಿದ್ಯಾ?" ಅಂದಳು. "ಇಲ್ಲಮ್ಮ, ಊಟ ರೆಡಿ ಆಗಿದೆ" ಅಂದೆ. ನಿನ್ನಮ್ಮನ ಡಬ್ಬಿಗಳಲ್ಲಿ ಯಾವುದು ಏನು ಅಂತ ಅವಳಿಗೊಬ್ಬಳಿಗೇ ಗೊತ್ತಿತ್ತು. ನಿನ್ನೆ ಸಕ್ಕರೆ ಅಂತ ಚಹಾಕ್ಕೆ ಉಪ್ಪು ಹಾಕಿದೆ. ಚೆಲ್ಲಿದರೆ ಬೈಯುತ್ತಾಳೆ ಅಂತ ಮುಖ ಹಿಂಡಿಕೊಂಡು ಪೂರ್ತಿ ಕುಡಿದೆ. ಲೋಟ ತೊಳೆಯುವಾಗ ನೆನಪಾಯಿತು, ಬೈಯುವವಳು ಇಲ್ಲ ಅಂತ.

ಇರಲಿ. ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ. "ಭಾನುವಾರ ಬರ್ತೀನಿ. ಆ ನಿನ್ನ ಪೈಲಟ್ ಮುಖಕ್ಕೇ ಕೇಳ್ತೀನಿ, ನನ್ನಮ್ಮ ಎದೆ ಹಿಡ್ಕೊಂಡು ಬಿದ್ದಿದ್ದಾಗ ನೀವ್ಯಾಕೆ ಹೆಲಿಕಾಪ್ಟರ್ ಎತ್ತಲಿಲ್ಲ ಅಂತ" ಎಂದು ಬರೆದಿದ್ದೀಯ. ಕೇಳುವ ಹಕ್ಕು ನಿನಗಿದೆ. ಆದರೆ ಕೇಳುವ ಮುಂಚೆ ಇದನ್ನು ಓದು. ಓದಿದ ಮೇಲೂ ಕೇಳಬೇಕು ಅನ್ನಿಸಿದರೆ ನಾನು ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ನಿಂತರೂ ನೀನು ನನ್ನ ಪಕ್ಕದಲ್ಲಿ ನುಸುಳಿ ಹೋಗುವವಳೇ.

ನಮ್ಮ ರೂಮನ್ನು ನೀನು ನೋಡಿದ್ದೀಯ. ತಗಡಿನ ಸೂರು, ಒಂದು ಮೇಜು, ಎರಡು ರೇಡಿಯೋ, ಕಿಟಕಿಯಾಚೆ ಹೆಲಿಕಾಪ್ಟರ್. ಗುಡ್ಡದ ಮೇಲಿನ ಆಸ್ಪತ್ರೆಗಳಿಂದ ರೋಗಿಯ ಸುದ್ದಿ ಬಂದರೆ ಮೊದಲು ಕೇಳುವವನು ನಾನು. ಏನು ಕಾಯಿಲೆ ಅಂತ ಡಾಕ್ಟರಿಗೆ ಹೇಳುತ್ತೇನೆ. ಪೈಲಟ್‌ಗೆ ಮಾತ್ರ ಹೇಳುವ ಹಾಗಿಲ್ಲ. ಅವರಿಗೆ ಜಾಗದ ಹೆಸರು, ಅಷ್ಟೇ. ರೋಗಿ ಮಗುವೋ ಮುದುಕರೋ, ಬಸುರಿಯೋ, ಮಂತ್ರಿಯ ಮಾವನೋ, ಏನೂ ತಿಳಿಯಬಾರದು. ಅವರು ಆಕಾಶ ನೋಡಿ "ಹೋಗ್ಬಹುದು" ಅಥವಾ "ಆಗಲ್ಲ" ಅನ್ನಬೇಕು. ರೋಗಿಯ ಮುಖ ಕಣ್ಣಿಗೆ ಬಂದರೆ ಮೋಡ ತೆಳ್ಳಗೆ ಕಾಣುತ್ತದೆ ಕಣೇ, ಅದಕ್ಕೆ.

ಈ ನಿಯಮ ಸುಮ್ಮನೆ ಬಂದದ್ದಲ್ಲ. ಈಗಿನ ಪೈಲಟ್ ಉದ್ದ ಸಾಹೇಬರಿಗಿಂತ ಮುಂಚೆ ಇದ್ದವರು ನಿನಗೆ ನೆನಪಿದ್ದಾರಾ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಡುತ್ತಿದ್ದರಲ್ಲ? ರೇಡಿಯೋದಲ್ಲೂ ಹಾಡುತ್ತಿದ್ದರು. ಒಂದು ಮಧ್ಯಾಹ್ನ ಮಂಜು ಕವಿದಿತ್ತು. ಹೋಗಬೇಕಾದದ್ದು ಸಣ್ಣ ಮಗುವಿಗೆ ಅಂತ ಯಾರೋ ಅವರಿಗೆ ಹೇಳಿಬಿಟ್ಟರು. "ಮಗು ಅಂತೀರ, ಸುಮ್ನೆ ಕೂರೋಕಾಗುತ್ತಾ?" ಅಂತ ಎದ್ದೇ ಬಿಟ್ಟರು. ಜೊತೆಗೆ ಒಬ್ಬ ಡಾಕ್ಟರು, ಒಬ್ಬ ನರ್ಸು. ಸ್ವಲ್ಪ ಹೊತ್ತಾದ ಮೇಲೆ ನಾನು ಕರೆದರೆ ಉತ್ತರ ಇಲ್ಲ. ಕತ್ತಲಾಗುವವರೆಗೂ ಕರೆದೆ. ಗಂಟಲು ಕಟ್ಟಿ, ಕೊನೆಗೆ ನನ್ನ ದನಿ ನನಗೇ ಕೇಳಿಸಲಿಲ್ಲ. ಆ ಮಗು ರಸ್ತೆಯಲ್ಲಿ ಬಂದು ಬದುಕಿಕೊಂಡಿತು. ಹೋದವರು ಮಾತ್ರ ಮೂವರೂ ಬರಲಿಲ್ಲ. ಆ ಮೂರು ಮನೆಗಳಿಗೂ ನಿನ್ನಮ್ಮ ಎಷ್ಟೋ ದಿನ ಊಟ ಹೊತ್ತಳು. ಪೈಲಟ್‌ಗೆ ಹೇಳಬಾರದು ಅಂತ ನಿಯಮ ಬಂದಾಗ, "ಮುಂಚೆನೇ ಮಾಡ್ಬಾರ್ದಿತ್ತಾ ಇವ್ರು?" ಅಂದವಳು ಅವಳೇ.

ಈಗ ಆ ದಿನ. ನಿನ್ನಮ್ಮ ಗುಡ್ಡದ ಮೇಲೆ ನಿನ್ನ ದೊಡ್ಡಮ್ಮನ ಮನೆಯಲ್ಲಿದ್ದಳು. ಬೆಳಿಗ್ಗೆ ಮೇಲಿನ ಆಸ್ಪತ್ರೆಯ ಸಿಸ್ಟರ್ ಕರೆದರು. ಹೆಂಗಸು, ಎದೆನೋವು, ಮೈಯೆಲ್ಲಾ ಬೆವರು ಅಂದರು. ಆಮೇಲೆ ದನಿ ತಗ್ಗಿಸಿ, "ಅಣ್ಣಾ, ಪಕ್ಕದಲ್ಲಿ ಯಾರಾದ್ರೂ ಇದಾರಾ? ಇದು... ನಿಮ್ಮನೇವ್ರು ಅಣ್ಣಾ" ಅಂದರು. ನಾನು "ಇನ್ನೊಂದ್ಸಲ ಹೇಳಿ" ಅಂದೆ. ಸರಿಯಾಗಿ ಕೇಳಿಸಿತ್ತು, ಆದರೂ ಅಂದೆ.

ಹೊರಗೆ ಉದ್ದ ಸಾಹೇಬರು ಮೆಕ್ಯಾನಿಕ್ ಜೊತೆ ಹೆಲಿಕಾಪ್ಟರಿನ ಗಾಜು ಒರೆಸುತ್ತಿದ್ದರು. ಬಾಗಿಲಿಗೆ ಹೋಗಿ, "ಮೇಲಿನ ಆಸ್ಪತ್ರೆ, ಒಬ್ಬರು" ಅಂತ ಕೂಗಿದೆ. ಅವರು ಎಂದಿನ ಹಾಗೆ ಬಾಗಿಲಿಗೆ ತಲೆ ತಾಗಿಸಿಕೊಂಡೇ ಒಳಗೆ ಬಂದರು. ಗುಡ್ಡದ ಕಡೆ ನೋಡಿದರು. ಮೈಕು ತಗೊಂಡು, "ಸಿಸ್ಟರ್, ಎದುರಿನ ಗುಡ್ಡ ಕಾಣುತ್ತಾ?" ಅಂದರು. "ಗುಡ್ಡ ಹಾಗಿರ್ಲಿ ಸರ್, ನಮ್ಮ ಗೇಟೇ ಕಾಣ್ತಿಲ್ಲ" ಅಂದರು ಸಿಸ್ಟರ್. ಸಾಹೇಬರು ಮೈಕು ಕೆಳಗಿಟ್ಟು "ಆಗಲ್ಲ" ಅಂದರು.

ಸರಿಯಾಗೇ ಹೇಳಿದರು ಗುಂಡಮ್ಮ. ನಾನೂ ಕಿಟಕಿಯಲ್ಲಿ ನೋಡಿದೆ. ಗುಡ್ಡವೇ ಇರಲಿಲ್ಲ.

ಇಲ್ಲಿಂದ ಆಂಬ್ಯುಲೆನ್ಸ್ ಗಾಡಿಯನ್ನು ರಸ್ತೆಯಲ್ಲಿ ಮೇಲಕ್ಕೆ ಕಳಿಸಿದೆ. ನನ್ನ ಮುಖ ನೋಡಿ ಸಾಹೇಬರು, "ಯಾಕಣ್ಣಾ, ಇವತ್ತು ಒಂದ್ ಜೋಕೂ ಇಲ್ಲ?" ಅಂದರು. "ಹೊಟ್ಟೆ ಸರಿಯಿಲ್ಲ ಸಾಹೇಬ್ರೇ, ಜೋಕು ಹೇಳೋಕ್ ಹೋಗಿ ಇನ್ನೇನಾದ್ರೂ ಆದೀತು" ಅಂದೆ. ನಕ್ಕರು. ಒಂದು ಮಾತು ಹೇಳಿದ್ದರೆ ಆ ಮನುಷ್ಯ ಹೆಲ್ಮೆಟ್ ಹಾಕಿಕೊಂಡು ಓಡುತ್ತಿದ್ದರು. ಗುಡ್ಡ ಕಾಣಲಿ ಬಿಡಲಿ, ನನಗೋಸ್ಕರ ಹೋಗುತ್ತಿದ್ದರು. ಅವರ ಹಿಂದೆ ಡಾಕ್ಟರೂ ನರ್ಸೂ ಹತ್ತುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಗಾಡಿ ಅವಳನ್ನು ಹತ್ತಿಸಿಕೊಂಡು ಇಳಿಯುವಾಗ ದಾರಿಯಲ್ಲಿ ಏನಾಯಿತು ಅಂತ ನಿನಗೆ ಗೊತ್ತು. ಅದನ್ನು ಬರೆಯಲಾರೆ.

ಸಾಹೇಬರಿಗೆ ಇವತ್ತಿಗೂ ಗೊತ್ತಿಲ್ಲ. ನಿನ್ನಮ್ಮ ದೊಡ್ಡಮ್ಮನ ಮನೆಯಲ್ಲಿ ಮಲಗಿದ್ದಲ್ಲೇ ಹೋದಳು ಅಂತ ಇಲ್ಲಿ ಎಲ್ಲರಿಗೂ ಹೇಳಿದ್ದೇನೆ. ದೊಡ್ಡಮ್ಮನಿಗೂ ಸಿಸ್ಟರಿಗೂ ಗಾಡಿಯವರಿಗೂ ಕೈ ಮುಗಿದು ಬಾಯಿ ಕಟ್ಟಿಸಿದ್ದೇನೆ. ನೀನು ಕೆಲಸದ ಊರಿಗೆ ವಾಪಸ್ ಹೋದ ಮೇಲೆ ಸಾಹೇಬರು ಮನೆಗೆ ಬಂದಿದ್ದರು. ಏನು ಮಾತಾಡಬೇಕು ಅಂತ ತಿಳಿಯದೆ ಸಿಂಕಿನಲ್ಲಿದ್ದ ಪಾತ್ರೆಯೆಲ್ಲಾ ತೊಳೆದರು. ಎತ್ತರದ ಮನುಷ್ಯ, ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿತು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಅಣ್ಣಾ, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಅವತ್ತು ನಾನು ಆಗಲ್ಲ ಅಂದೆನಲ್ಲ, ಆ ರೋಗಿ ಏನಾದ್ರು?" ಅಂದರು. "ಬದುಕಿದ್ರು ಸಾಹೇಬ್ರೇ" ಅಂದೆ. ಉಸಿರು ಬಿಟ್ಟು, ನನ್ನ ಭುಜ ತಟ್ಟಿ ಹೋದರು.

ಈಗ ನೀನು ಹೋಗಿ ಕೇಳಿದರೆ ಅವರು ಜಗಳ ಆಡುವುದಿಲ್ಲ, ಕೂತುಬಿಡುತ್ತಾರೆ. ಇನ್ನೊಂದು ದಿನ ಮೋಡ ಕವಿದಾಗ, "ಆಗಲ್ಲ" ಅನ್ನಬೇಕಾದ ಬಾಯಿಗೆ ನಿನ್ನಮ್ಮ ಅಡ್ಡ ಬರುತ್ತಾಳೆ. "ಹೋಗ್ಬಹುದು" ಅಂದುಬಿಡುತ್ತಾರೆ. ಆಮೇಲೆ ನಾನು ಮತ್ತೆ ಕತ್ತಲಾಗುವವರೆಗೂ ಕರೆಯಬೇಕು. ಇನ್ನೊಂದು ಸಲ ನನ್ನ ಕೈಲಾಗದು ಮಗಳೇ.

ಕೋಪ ಇದ್ದರೆ ನನ್ನ ಮೇಲೆ ತೀರಿಸಿಕೋ. ಕಿವಿಗೆ ಹತ್ತಿ ತಂದಿಟ್ಟಿದ್ದೇನೆ. ನನ್ನ ಅಡುಗೆ ಬಡಿಸುತ್ತೇನೆ, ತಿಂದ ಮೇಲೆ ಕೂಗಲು ನಿನಗೆ ಶಕ್ತಿ ಉಳಿದರೆ ಹೇಳು.

ಕೆಲಸದಲ್ಲಿ ಹುಷಾರು. ಹೊಲಿಗೆ ಮಿಷಿನ್ನಿನ ಮುಂದೆ ಬೆನ್ನು ಬಗ್ಗಿಸಿ ಕೂರಬೇಡ. ಹೊತ್ತಿಗೆ ಸರಿಯಾಗಿ ತಿನ್ನು. ನೂರು ವರ್ಷ ಬಾಳು, ನನ್ನ ಪಾಲಿನ ಬೈಗುಳ ಬೈಯುವುದಕ್ಕಾದರೂ ಒಬ್ಬರು ಬೇಕಲ್ಲ.

ಇಂತಿ ನಿನ್ನ
ಅಪ್ಪ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಯಾರಿಗೂ ಹೇಳದೆ ಇಟ್ಟುಕೊಂಡದ್ದು ಇನ್ನೊಂದಿದೆ. ಗಾಡಿ ಹತ್ತಿಸುವ ಮುಂಚೆ ನಿನ್ನಮ್ಮ ಹಟ ಮಾಡಿದಳಂತೆ, ಸಿಸ್ಟರ್ ಅವಳ ಬಾಯಿ ಹತ್ತಿರ ರೇಡಿಯೋ ಹಿಡಿದರು. ಇಲ್ಲಿ ಸ್ಪೀಕರ್ ದೊಡ್ಡದಾಗಿ ಹಾಕಿತ್ತು. ಸಾಹೇಬರು ಚಹಾ ಹಿಡಿದುಕೊಂಡು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಅವರು ಅಲ್ಲೇ ಇರುತ್ತಾರೆ ಅಂತ ಅವಳಿಗೆ ಗೊತ್ತಿತ್ತು, ಇಷ್ಟು ವರ್ಷ ನನ್ನ ಜೊತೆ ಬಾಳಿದವಳಲ್ಲವಾ. ಗುರುತೇ ಇಲ್ಲದವಳ ಹಾಗೆ ಮಾತಾಡಿದಳು: "ರೇಡಿಯೋದವ್ರೇ, ಮೋಡ ಇದ್ರೆ ಯಾರನ್ನೂ ಕಳಿಸ್ಬೇಡಿ. ನಾನು ಗಾಡೀಲೇ ಬರ್ತೀನಿ. ನೀವು ಊಟ ಮಾಡಿ."

ಸಾಹೇಬರು, "ಯಾರೋ ಪುಣ್ಯಾತ್ಗಿತ್ತಿ ಅಣ್ಣಾ, ಇಂಥಾ ಹೊತ್ತಲ್ಲೂ ನಮ್ಮ ಊಟದ ಚಿಂತೆ" ಅಂದರು.

ನಾನು ಗುಂಡಿ ಒತ್ತಿದೆ. ಮದುವೆಯಾದಾಗಿನಿಂದ ಏನೇ, ಬಾರೇ, ಹೋಗೇ ಅಂತ ಕರೆದವನು, "ಸರಿ ಮೇಡಂ, ಕೇಳಿಸ್ತು" ಅಂದೆ. ಅವಳಿಗೆ ನಾನು ಆಡಿದ ಕೊನೆಯ ಮಾತು ಅದು.

ಮೇಡಂ ಅಂದದ್ದಕ್ಕೆ ಅವಳಿಗೆ ಸ್ವಲ್ಪ ನಗು ಬಂತಾ ಅಂತ ಸಿಸ್ಟರ್‌ಗೆ ಗೊತ್ತಿರುತ್ತದೆ. ದಿನಾ ರೇಡಿಯೋದಲ್ಲಿ ಸಿಕ್ಕುತ್ತಾರೆ, ಕೇಳಲು ನನಗೆ ಬಾಯಿ ಬರುವುದಿಲ್ಲ. ಭಾನುವಾರ ಬಂದಾಗ ಸಾಹೇಬರ ಹತ್ತಿರ ಹೋಗಬೇಡ. ಬಸ್ಸು ಹತ್ತಿ ಗುಡ್ಡದ ಮೇಲೆ ಹೋಗಿ ಸಿಸ್ಟರನ್ನು ಅದೊಂದು ಕೇಳಿಕೊಂಡು ಬಾ. ನಗಲಿಲ್ಲ ಅಂದರೂ, ನಕ್ಕಳು ಅಂತಲೇ ನನಗೆ ಹೇಳು.